ಇಂದ್ರವ್ವನ ಕೌದಿ

ನಮ್ಮೂರಿನಲ್ಲಿ ಆರು ವರ್ಷ ತುಂಬುವವರೆಗೆ ಮಕ್ಕಳು ತಾಯಿಯ ಸೆರಗಿನೊಳಗೇ ಮಲಗುತ್ತವೆ. ಆರು ತುಂಬಿದ ಮೇಲೆ ತಾಯಿ ಒಂದು ಕೌದಿ ಹೊಲಿದು ಕೊಡುತ್ತಾಳೆ. ಹಳೆಯ ಸೀರೆ, ಅಪ್ಪನ ಧೋತರ, ತೀರಿಕೊಂಡ ಅಜ್ಜಿಯ ಕುಬಸ, ಹೀಗೆ ಮನೆಯ ಚಿಂದಿಗಳನ್ನೆಲ್ಲ ಕೂಡಿಸಿ ಹೊಲಿದ ಆ ಕೌದಿ ಒಬ್ಬರಿಗೆ ಒಂದೇ. ಹಾಸುವುದೂ ಅದನ್ನೇ, ಹೊದೆಯುವುದೂ ಅದನ್ನೇ, ಕೊನೆಗೆ ಮೈಮೇಲೆ ಹಾಕಿ ಮಣ್ಣು ಮಾಡುವುದೂ ಅದನ್ನೇ. ಮುಂಜಾನೆ ಆರರ ಸೈರನ್ ಕೂಗಿದ ಕೂಡಲೇ ಎಲ್ಲರೂ ತಂತಮ್ಮ ಕೌದಿಯನ್ನು ಬೀದಿಯ ಕಡೆಯ ಗೋಡೆಯ ಮೇಲೆ ಹರವಬೇಕು. ಸಂಜೆಯ ಸೈರನ್ ಆದಮೇಲೆಯೇ ಅದನ್ನು ಒಳಗೆ ತರುವುದು. ಒಗೆಯುವುದು ವರ್ಷಕ್ಕೆ ಒಂದೇ ದಿನ, ಊರೆಲ್ಲ ಕೂಡಿ, ಕೆರೆಯ ಮೆಟ್ಟಿಲ ಮೇಲೆ.

ಹಾಗಾಗಿ ನಮ್ಮೂರಲ್ಲಿ ಯಾರ ಮನೆ ಎಲ್ಲಿ ಎಂದು ಕೇಳಿದರೆ ಕೌದಿಯ ಗುರುತು ಹೇಳುತ್ತಾರೆ. ಮಸಿ ಚೆಲ್ಲಿದ ಕೌದಿ ಮಾಸ್ತರರದು. ಅಂಚಿಗೆ ಕೆಂಪು ಪಟ್ಟಿ ಇದ್ದದ್ದು ಸೂಲಗಿತ್ತಿಯದು. ಅಂಚೆಯವನಿಗೆ ಓದಲು ಬಾರದಿದ್ದರೂ ಕಾಗದ ತಪ್ಪಿ ಕೊಟ್ಟದ್ದಿಲ್ಲ. ಹೆಣ್ಣು ನೋಡಲು ಬಂದವರು ಒಳಗೆ ಕಾಲಿಡುವ ಮೊದಲು ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ನಿಂತವರು ಒಳಗೆ ಬಾರದೆ ಹಾಗೆಯೇ ಹೊರಟುಹೋದರೆ ಯಾರೂ ಏನೂ ಕೇಳುವುದಿಲ್ಲ.

ನನ್ನ ತಂಗಿ ಇಂದ್ರವ್ವನ ಮನೆಯಿಂದ ಅಂಥವರು ಒಂಬತ್ತು ಸಲ ಹೊರಟುಹೋದರು. ಅವಳ ಕೌದಿಯ ನಡುವೆ ಒಂದರ ಮೇಲೊಂದು ಕೂತ ಹಳದಿ ಕಲೆಗಳು ಶಾಲೆಯ ನಕಾಶೆಯಲ್ಲಿನ ದೇಶಗಳ ಹಾಗಿದ್ದವು. ಓಣಿಯ ಹುಡುಗರು ಅವಳನ್ನು ನಕಾಶೆ ಇಂದ್ರಿ ಎಂದೇ ಕರೆಯುತ್ತಿದ್ದರು. ಹನ್ನೊಂದನೆಯ ವರ್ಷಕ್ಕೆ ನಿದ್ದೆಯಲ್ಲಿ ಒದ್ದೆಯಾಗುವುದು ನಿಂತುಹೋದರೂ ಹೆಸರು ನಿಲ್ಲಲಿಲ್ಲ. ಆ ಕಲೆಗಳಲ್ಲಿ ಒಂದಾದರೂ ಅವಳದಾಗಿರಲಿಲ್ಲ. ಎಲ್ಲವೂ ನನ್ನವು.

ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು. ನನಗೆ ಆರು ತುಂಬಿದಾಗ ಅವ್ವ ಕೌದಿ ಹೊಲಿಯಲಿಲ್ಲ, ಬೆರಳು ನೋಯುತ್ತವೆ ಎಂದು ಎರಡು ವರ್ಷ ನೂಕಿದಳು. ನನಗೆ ಎಂಟು, ಇಂದ್ರಿಗೆ ಆರು ಆದ ವರ್ಷ ಇಬ್ಬರಿಗೂ ಒಟ್ಟಿಗೆ ಹೊಲಿದುಕೊಟ್ಟು ಒಂದೇ ಚಾಪೆಯ ಮೇಲೆ ಮಲಗಿಸಿದಳು. ಅವಳು ಯಾಕೆ ಹಾಗೆ ಮಾಡಿದಳು, ಅವಳಿಗೆ ಎಷ್ಟು ಗೊತ್ತಿತ್ತು ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ನಾನು ಮಾತ್ರ ಮೊದಲ ದಿನವೇ ದಾರಿ ಕಂಡುಕೊಂಡೆ. ನನ್ನ ಕೌದಿಯನ್ನು ಮಡಚಿ ತಲೆಗೆ ಇಟ್ಟುಕೊಂಡು ತಂಗಿಯ ಕೌದಿಯೊಳಗೆ ನುಸುಳಿದೆ. ಅವಳಿಗೆ ಅದು ಹಬ್ಬ. "ನಮ್ಮ ಅಕ್ಕಗ ನನ್ನ ಬಿಟ್ಟು ನಿದ್ದಿನ ಬರೂದಿಲ್ಲ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಸೈರನ್ನಿಗೆ ಮೊದಲೇ ನನಗೆ ಎಚ್ಚರವಾಗುತ್ತಿತ್ತು. ಎದ್ದು ಲಂಗ ಬದಲಿಸಿ, ಅವಳನ್ನು ಮೆಲ್ಲಗೆ ಒದ್ದೆಯ ಮೇಲೆ ಸರಿಸಿ, ಬಚ್ಚಲಿಗೆ ಹೋಗಿ ಹಲ್ಲುಜ್ಜುತ್ತ ನಿಲ್ಲುತ್ತಿದ್ದೆ. ಅವಳು ಎದ್ದು ತನ್ನ ಮೈ ಮುಟ್ಟಿ ನೋಡಿಕೊಂಡು ಅಳುತ್ತಿದ್ದಳು. "ನನಗ ಗೊತ್ತಾಗೂದ ಇಲ್ಲ ಅಕ್ಕ, ಖರೇನ ಗೊತ್ತಾಗೂದಿಲ್ಲ" ಎನ್ನುತ್ತಿದ್ದಳು. ಅವಳ ಕಣ್ಣು ಒರೆಸುತ್ತಿದ್ದವಳು ನಾನೇ.

ಐದು ವರ್ಷ ಹೀಗೆ ನಡೆಯಿತು. ಅಪ್ಪ ಮೊದಲು ಗದರಿಸಿದ, ಆಮೇಲೆ ಹೊಡೆದ, ಆಮೇಲೆ ಸಂಜೆಯಿಂದ ಅವಳಿಗೆ ನೀರು ಕೊಡುವುದನ್ನು ಬಿಡಿಸಿದ. ಕೊನೆಗೊಂದು ಮುಂಜಾನೆ ಹೊಟ್ಟೆಯ ಮೇಲೆ, ಹೊಕ್ಕುಳಿನ ಕೆಳಗೆ, ಬರೆ ಹಾಕಿಸಿದ. ನನಗಾಗ ಹದಿಮೂರು. ನನ್ನ ಮೈ ಅದೇ ತಿಂಗಳು ತಾನಾಗಿಯೇ ಸುಧಾರಿಸತೊಡಗಿತ್ತು. ಬರೆ ಬಿದ್ದ ಮೇಲೆ ಎರಡೋ ಮೂರೋ ಸಲ ಆಯಿತು, ಅಷ್ಟೇ. ಬರೆಗೆ ಗುಣವಾಯಿತು ಎಂದು ಊರು ಮಾತಾಡಿಕೊಂಡಿತು. ಆಮೇಲೆ ಬೇರೆ ಎಷ್ಟೋ ಮನೆಗಳಲ್ಲಿ ನಮ್ಮ ಇಂದ್ರಿಯ ಉದಾಹರಣೆ ಕೊಟ್ಟು ಮಕ್ಕಳಿಗೆ ಬರೆ ಹಾಕಿದರು.

ನನ್ನ ಕೌದಿ ಕನ್ನಡಿಯ ಹಾಗಿತ್ತು. ನೋಡಲು ಬಂದ ಮೊದಲ ಮನೆಯವರೇ ಒಪ್ಪಿದರು. ಗಂಡ ಚಂದ್ರಶೇಖರ ಪುರಸಭೆಯ ಸೈರನ್ ಊದುವವನು. ಅತ್ತೆ ಮುರಿಗೆವ್ವ ಬೆಳಗಾದರೆ ಓಣಿ ಸುತ್ತಿ ಬಂದು ಯಾರ ಗೋಡೆಯ ಮೇಲೆ ಏನಿದೆ ಎಂದು ವರದಿ ಒಪ್ಪಿಸುವವಳು. ಇಂದ್ರಿ ಊರ ಆಚೆ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸಿಕೊಂಡು, ಅದರ ಹಿಂದಿನ ಎರಡು ಖೋಲಿಗಳಲ್ಲಿ ಒಬ್ಬಳೇ ಉಳಿದಳು. ಹುಬ್ಬು, ರೆಪ್ಪೆ, ಕಿವಿಯ ಸುರುಳಿ, ಎಲ್ಲೆಲ್ಲೂ ಹಿಟ್ಟು. ನಕ್ಕರೆ ಕೆನ್ನೆಯಿಂದ ಉದುರುತ್ತಿತ್ತು. ಅವಳು ನಗುತ್ತಿದ್ದಳು, ಅದನ್ನೇ ನನಗೆ ನೋಡಲಾಗುತ್ತಿರಲಿಲ್ಲ.

ನನ್ನ ಮಗಳು ಪ್ರಭಾವತಿಗೆ ಆರು ತುಂಬಿದಾಗ ನಾನೂ ಬೆರಳು ನೋವಿನ ನೆವ ಹೇಳಿದೆ. ಅತ್ತೆ ಕೇಳಬೇಕಲ್ಲ. ತಾನೇ ಕೂತು ಹನ್ನೆರಡು ದಿನಗಳಲ್ಲಿ ಮೊಮ್ಮಗಳ ಕೌದಿ ಹೊಲಿದು ಮುಗಿಸಿದಳು. ಮೊದಲ ಬೆಳಗು ಗೋಡೆಯ ಮೇಲೆ ಹರವಿದಾಗ ಅದರ ನಡುವೆ ಇನ್ನೂ ಹಸಿಯಿದ್ದ ಒಂದು ಕಲೆ ಇತ್ತು. ಅತ್ತೆ ಅದನ್ನು ಬಹಳ ಹೊತ್ತು ನೋಡಿದಳು. "ನಮ್ಮ ವಂಶದಾಗ ಇದು ಇಲ್ಲ. ನಿಮ್ಮ ಇಂದ್ರವ್ವಂದು ಬಂದದ ನೋಡು" ಎಂದಳು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ ಹೌದೆಂದೇ ಅರ್ಥವಾಯಿತು.

ಪ್ರಭಾ ಜಾಣೆ. ಎಲ್ಲವನ್ನೂ ತಾನೇ ಮಾಡಿ ನೋಡುತ್ತಿದ್ದಳು. ಉಪ್ಪು ಬಿಟ್ಟಳು, ಮಜ್ಜಿಗೆ ಬಿಟ್ಟಳು, ಶಾಲೆಯಿಂದ ಬಂದ ಮೇಲೆ ನೀರನ್ನೇ ಬಿಟ್ಟಳು. ತುಟಿ ಒಡೆದು ರಕ್ತ ಬರುತ್ತಿತ್ತು. ಒಂದು ಬೆಳಗು ನನ್ನ ಮಗ್ಗುಲಲ್ಲಿ ಕೂತು ಕೇಳಿದಳು, "ಅವ್ವಾ, ನೀ ಸಣ್ಣಾಕಿ ಇದ್ದಾಗ ನಿನಗೂ ಆಗತಿತ್ತೇನು?" ನಾನು ಅಕ್ಕಿ ಆರಿಸುತ್ತಿದ್ದೆ. "ಇಲ್ಲವ್ವಾ" ಎಂದೆ. "ಒಮ್ಮೇನೂ?" "ಒಮ್ಮೇನೂ ಇಲ್ಲ." ಅವಳು ಎದ್ದುಹೋಗಿ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿದ್ದ ನನ್ನ ಕೌದಿಯನ್ನೂ ತನ್ನ ಕೌದಿಯನ್ನೂ ನೋಡುತ್ತ ನಿಂತಳು.

ಅವಳಿಗೆ ಒಂಬತ್ತಾದಾಗ ಸರಕಾರಿ ದವಾಖಾನೆಗೆ ಹೊರಗಿನಿಂದ ಒಬ್ಬ ಡಾಕ್ಟರಮ್ಮ ಬಂದರು. ನಮ್ಮ ಗೋಡೆಗಳನ್ನು ಕಂಡು ಬೆರಗಾಗಿ, ಎರಡು ವಾರಕ್ಕೆ ರೂಢಿಯಾಗಿ, ಮೂರನೆಯ ವಾರ ತಾವೂ ಒಂದು ಕೌದಿ ತರಿಸಿಕೊಂಡವರು. ಇಂದ್ರಿಯೇ ಹಟ ಹಿಡಿದು ಪ್ರಭಾಳನ್ನು ಅವರ ಬಳಿ ಕರೆದೊಯ್ಯುವಂತೆ ಮಾಡಿದಳು. ನಾನು, ನನ್ನ ಗಂಡ, ಅತ್ತೆ, ಇಂದ್ರಿ, ನಾಲ್ವರೂ ಹೋದೆವು. ಡಾಕ್ಟರಮ್ಮ ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, "ಇದು ರೋಗ ಅಲ್ಲ, ಹಟವೂ ಅಲ್ಲ. ಮೈ ಬೆಳೆಯೋದು ಸ್ವಲ್ಪ ನಿಧಾನ, ಅಷ್ಟೇ. ಬೈಬೇಡಿ, ನೀರು ಕಟ್ಟಬೇಡಿ" ಎಂದರು. ಆಮೇಲೆ ಪೆನ್ನು ಕೈಗೆ ತೆಗೆದುಕೊಂಡು ಕೇಳಿದರು, "ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ? ಇದು ಮನೆತನದಲ್ಲಿ ಹರಿದು ಬರುತ್ತೆ. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೆ ಬರೋದು ತೀರಾ ಸಹಜ."

ನನ್ನ ಗಂಡ ಇಲ್ಲವೆಂದು ತಲೆ ಅಲ್ಲಾಡಿಸಿದ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಈಗ ಹೇಳಬೇಕು ಎಂದು ಬಾಯಿ ತೆರೆದದ್ದು ನನಗೆ ನೆನಪಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಇಂದ್ರಿ ಮುಂದೆ ಬಂದು, "ನನಗಿತ್ತರಿ. ನಾ ಹುಡುಗಿ ಚಿಗವ್ವ. ನನಗ ಭಾಳ ಇತ್ತು" ಎಂದಳು. ನಾಚಿಕೆಯಿಲ್ಲದೆ, ಮುಖ ಎತ್ತಿ ಹೇಳಿದಳು. ಹೇಳಿ ಪ್ರಭಾಳ ಕೈ ಹಿಡಿದಳು. "ಎಷ್ಟನೇ ವರ್ಷಕ್ಕೆ ನಿಂತಿತು?" "ಹನ್ನೊಂದಕ್ಕರಿ." ಡಾಕ್ಟರಮ್ಮ ಬರೆದುಕೊಂಡರು. ಮತ್ತೆ ನನ್ನನ್ನು ನೋಡಿ, "ನಿಮಗೆ?" ಎಂದರು. "ಇಲ್ಲರಿ" ಎಂದೆ. "ಸರಿ, ಮನೆಯವರಿಗೆ ನಿಂತ ವಯಸ್ಸಿಗೇ ಸಾಮಾನ್ಯವಾಗಿ ಮಕ್ಕಳಿಗೂ ನಿಲ್ಲುತ್ತೆ. ಹನ್ನೊಂದರ ಹೊತ್ತಿಗೆ ಸರಿಹೋಗಬಹುದು, ಕಾಯೋಣ" ಎಂದರು. ಹೊರಗೆ ಬರುವಾಗ ಪ್ರಭಾ ಕುಣಿಯುತ್ತಿದ್ದಳು. "ಹನ್ನೊಂದು! ಇನ್ನ ಎರಡ ವರ್ಷ ಚಿಗವ್ವಾ!"

ಆ ಎರಡು ವರ್ಷ ಅವಳು ಗಿರಣಿಯ ಗೋಡೆಯ ಮೇಲೆ ಇದ್ದಿಲಿನಿಂದ ತಿಂಗಳುಗಳನ್ನು ಬರೆದು ಅಳಿಸುತ್ತ ಹೋದಳು. ನನಗೆ ಲೆಕ್ಕ ಗೊತ್ತಿತ್ತು. ಹನ್ನೊಂದಲ್ಲ, ಹದಿಮೂರು ಎಂದು ಊರಿನಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಎಷ್ಟೋ ಸಲ ಗಂಡನೊಡನೆ ಒಂಟಿಯಾಗಿದ್ದಾಗ ಮಾತು ತುದಿ ನಾಲಗೆಗೆ ಬಂತು. ಹೇಳಿದರೆ ಏನಾಗುತ್ತದೆ ಎಂದು ಯೋಚಿಸುತ್ತಿದ್ದೆ. ಕನ್ನಡಿಯಂಥ ಕೌದಿಯನ್ನು ನೋಡಿ ನನ್ನನ್ನು ತಂದವರು ಅವರು. ಮೋಸ ಎನ್ನುತ್ತಾರೆ. ಮುರಿಗೆವ್ವ ಓಣಿ ಓಣಿಗೆ ಹೇಳಿ ಬರುತ್ತಾಳೆ. ಮತ್ತು ಇಂದ್ರಿ. ಇಂದ್ರಿಯ ಮುಖಕ್ಕೆ ಮುಖ ಕೊಟ್ಟು ನಾನು ಹೇಗೆ ನಿಲ್ಲಲಿ? ಹೀಗೆ ಯೋಚಿಸಿ ಯೋಚಿಸಿ ನುಂಗಿಕೊಂಡೆ. ನುಂಗುವುದು ಎಂಟನೆಯ ವಯಸ್ಸಿನಿಂದ ರೂಢಿಯಾಗಿತ್ತು.

ಹನ್ನೊಂದು ತುಂಬಿದ ದಿನ ಪ್ರಭಾ ಹೊಸ ಲಂಗ ಹಾಕಿಕೊಂಡು ಸೈರನ್ನಿಗೂ ಮೊದಲೇ ಎದ್ದಳು. ಅವಳು ಕೌದಿ ಹಿಡಿದುಕೊಂಡು ನಿಂತ ರೀತಿಯಿಂದಲೇ ನನಗೆ ತಿಳಿಯಿತು. ಮರುದಿನವೂ ಅದೇ. ತಿಂಗಳು ಕಳೆಯಿತು, ಮೂರು ತಿಂಗಳು ಕಳೆದವು. ಈಗ ಮನೆಯವರಿಗೆ ಬೇರೆ ಮಾತು ಸಿಕ್ಕಿತು. "ಡಾಕ್ಟರ ಹೇಳ್ಯಾರ ಹನ್ನೊಂದಕ್ಕ ನಿಲ್ಲತೈತಿ ಅಂತ. ಹನ್ನೊಂದು ಆತು. ಇನ್ನೂ ಮಾಡತಾಳ ಅಂದ್ರ ಬೇಕಂತನ ಮಾಡತಾಳ" ಎಂದ ನನ್ನ ಗಂಡ. ಅವನು ಕೆಟ್ಟವನಲ್ಲ. ದಿನಾ ಊರನ್ನು ಎಬ್ಬಿಸುವವನ ಮನೆಯ ಗೋಡೆ ಹೀಗಿದೆ ಎಂದು ಪುರಸಭೆಯಲ್ಲಿ ನಗುತ್ತಿದ್ದರು. ಅತ್ತೆ ಹೇಳಿದಳು, "ಇಂದ್ರವ್ವಗ ಔಷಧದಿಂದ ನಿಂತಿತೇನು? ಬರಿಯಿಂದ ನಿಂತಿತು. ಅದೇ ರಕ್ತ, ಅದೇ ಮದ್ದು."

ಡಾಕ್ಟರಮ್ಮನಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಇಂದ್ರಿಗೆ ಹೇಳದೆ ಒಂದು ಶುಕ್ರವಾರ ಮುಂಜಾನೆ ಒಲೆ ಹೊತ್ತಿಸಿದರು. ಪ್ರಭಾ ಓಡಲಿಲ್ಲ, ಕೂಗಾಡಲಿಲ್ಲ. ಗೋಡೆಗೆ ಆತು ನಿಂತು ನನ್ನೊಬ್ಬಳನ್ನೇ ನೋಡುತ್ತಿದ್ದಳು. "ಕೈ ಹಿಡಿ" ಎಂದಳು ಅತ್ತೆ. ಬರೆಯಿಂದ ಯಾರಿಗೂ ಏನೂ ಗುಣವಾಗಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಒಂದು ಮಾತಿನ ಹಿಂದೆ ಉಳಿದದ್ದೆಲ್ಲ ಹೊರಬೀಳಬೇಕಾಗುತ್ತಿತ್ತು. ನಾನು ನನ್ನ ಮಗಳ ಕೈ ಹಿಡಿದೆ.

ಸುದ್ದಿ ಹತ್ತು ಗಂಟೆಯ ಹೊತ್ತಿಗೆ ಗಿರಣಿಗೆ ಮುಟ್ಟಿತು. ಇಂದ್ರಿ ಯಂತ್ರವನ್ನೂ ನಿಲ್ಲಿಸದೆ ಮೈಯೆಲ್ಲ ಹಿಟ್ಟಿನಲ್ಲೇ ಓಡಿ ಬಂದಳು. ಯಾರಿಗೂ ಒಂದು ಮಾತು ಬೈಯಲಿಲ್ಲ. ಗೋಡೆಯ ಮೇಲಿದ್ದ ಪ್ರಭಾಳ ಕೌದಿಯನ್ನು ಹಾಡುಹಗಲೇ ಎಳೆದುಕೊಂಡಳು, ಅದರಲ್ಲಿ ಹುಡುಗಿಯನ್ನು ಸುತ್ತಿಕೊಂಡಳು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, "ಅಕ್ಕ, ನೀ ಹಡದಿ. ಆದ್ರ ಈಕಿ ನೋವು ನಿನಗ ಗೊತ್ತಾಗೂದಿಲ್ಲ. ನನಗ ಗೊತ್ತೈತಿ. ನನ್ನ ಹಂತೇಕ ಇರಲಿ" ಎಂದಳು. ನನ್ನ ಗಂಡ ತಡೆಯಲಿಲ್ಲ. "ಅವರದು ಅವರ ಹಂತೇಕ ಹೋತು" ಎಂದಳು ಅತ್ತೆ. ಮರುದಿನ ಮುಂಜಾನೆಯಿಂದ ನಮ್ಮ ಗೋಡೆ ಊರಿನ ಎಲ್ಲ ಗೋಡೆಗಳ ಹಾಗೆ ಚೊಕ್ಕಟವಾಯಿತು.

ಅಲ್ಲಿ ಅವರಿಬ್ಬರೂ ಹೇಗಿದ್ದರು ಎಂಬುದನ್ನು ನಾನು ಹಿಟ್ಟು ಬೀಸಿಸುವ ನೆವದಲ್ಲಿ ಹೋಗಿ ನೋಡುತ್ತಿದ್ದೆ. ಇಂದ್ರಿ ಹುಡುಗಿಗೆ ಮಲಗುವ ಮುಂಚೆಯೂ ಚೊಂಬು ತುಂಬ ನೀರು ಕೊಡುತ್ತಿದ್ದಳು. "ಬಾಯಾರಿಕಿ ಆದ್ರ ಕುಡೀಬೇಕು. ಒದ್ದಿ ಆದ್ರ ಹರವೋಣು. ನನ್ನ ಕೌದಿ ಬಾಜೂಕ ನಿನ್ನ ಕೌದಿ, ಯಾರರ ನಗಲಿ." ಒಂದು ಸಲ ನಾನು ಹೋದಾಗ ಇಬ್ಬರೂ ಅಂಗಳದ ಬಿಸಿಲಲ್ಲಿ ಕೂತು ಒಬ್ಬರ ಬರೆ ಇನ್ನೊಬ್ಬರಿಗೆ ತೋರಿಸಿಕೊಳ್ಳುತ್ತಿದ್ದರು. ಪ್ರಭಾ ಇಂದ್ರಿಯ ಹೊಟ್ಟೆಯ ಮೇಲಿನ ಹಳೆಯ ಗುರುತಿನ ಮೇಲೆ ಬೆರಳಾಡಿಸಿ, "ನಂದು ನಿಂದರ ಹಾಂಗ ಐತಿ" ಎಂದು ನಗುತ್ತಿದ್ದಳು. ಇಂದ್ರಿಯೂ ನಗುತ್ತಿದ್ದಳು. "ಮತ್ತ? ನೀ ನನ್ನ ಮಗಳಲ್ಲೇನು? ನಿನ್ನ ರಕ್ತದಾಗ ನಾ ಅದೀನಿ." ನನ್ನನ್ನು ಕಂಡು ಪ್ರಭಾ ಲಂಗ ಸರಿಪಡಿಸಿಕೊಂಡು ಎದ್ದು ಒಳಗೆ ಹೋದಳು.

ಹದಿಮೂರಕ್ಕೆ, ನಾನು ಎಣಿಸಿದ್ದಂತೆಯೇ, ನಿಂತಿತು. ವಾರಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾಗಿ, ಆಮೇಲೆ ಇಲ್ಲವೇ ಇಲ್ಲ. ಇಂದ್ರಿ ಓಣಿಗೆಲ್ಲ ಹೋಳಿಗೆ ಹಂಚಿದಳು. ನನಗೂ ಒಂದು ಡಬ್ಬಿ ಕಳಿಸಿದಳು. ಆ ಡಬ್ಬಿ ತೊಳೆದು ವಾಪಸು ಕೊಡಲು ಹೋದ ದಿನ ಪ್ರಭಾ ಶಾಲೆಗೆ ಹೋಗಿದ್ದಳು, ಗಿರಣಿಗೆ ಕರೆಂಟು ಇರಲಿಲ್ಲ. ಆ ನಿಶ್ಶಬ್ದದಲ್ಲಿ ಇಂದ್ರಿ ಚೀಲಗಳ ಮೇಲೆ ಕೂತು, "ನೋಡಕ್ಕ, ನನ್ನ ಜನ್ಮ ದಂಡ ಅಂದಕೊಂಡಿದ್ದೆ. ಈ ಹುಡುಗಿ ಸಲುವಾಗಿ ನನಗ ಅದು ಬಂದಿತ್ತು ಅಂತ ಈಗ ಅನಸತೈತಿ. ನಾ ಹಾಂಗ ಇರಲಿಲ್ಲ ಅಂದ್ರ ಈಕೀನ ಯಾರು ತಿಳಕೊಳ್ಳತಿದ್ದರು?" ಎಂದಳು.

ಮೂವತ್ತು ವರ್ಷ ಹಿಡಿದುಕೊಂಡದ್ದನ್ನು ನಾನು ಅಲ್ಲಿ, ಆ ಚೀಲಗಳ ನಡುವೆ, ಹೇಳಿಬಿಟ್ಟೆ. ಮಡಚಿಟ್ಟ ನನ್ನ ಕೌದಿ, ಬದಲಿಸಿದ ಲಂಗ, ಅವಳನ್ನು ಒದ್ದೆಯ ಮೇಲೆ ಸರಿಸಿದ್ದು, ದವಾಖಾನೆ, ಎಲ್ಲವನ್ನೂ. ಅವಳ ಕಾಲು ಹಿಡಿದುಕೊಂಡು ಹೇಳಿದೆ. ಅವಳು ಒದೆಯಲಿ, ಉಗುಳಲಿ, ಊರು ಕೂಡಿಸಲಿ ಎಂದು ಕಾದೆ.

ಇಂದ್ರಿ ತನ್ನ ಅಂಗೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ ಕೇಳಿದಳು, "ಒಮ್ಮೇನೂ ನಂದು ಇರಲಿಲ್ಲೇನು?" "ಇಲ್ಲ ಇಂದ್ರಿ." "ಸಣ್ಣಾಕಿ ಇದ್ದಾಗ ನಾ ಒಬ್ಬಾಕಿನ ಸೋದರತ್ತಿ ಊರಿಗೆ ಹೋದಾಗ ಎಂಟ ದಿನ ಒಣಗಿತ್ತು. ದೇವರು ಕಣ್ಣು ಬಿಟ್ಟ ಅಂತ ತಿಳದಿದ್ದೆ" ಎಂದಳು, ನನಗಲ್ಲ, ತನಗೆ ತಾನೇ. ಮತ್ತೆ ಕೇಳಿದಳು, "ಹಾಂಗಾದ್ರ ಪ್ರಭಾ ನನ್ನ ಹಾಂಗ ಅಲ್ಲ?" "ನಿನ್ನ ಹಾಂಗ" ಎಂದಳು ಅವಳೇ. "ಹದಿಮೂರಕ್ಕ ನಿಂತಿತು. ನಿನ್ನ ಹಾಂಗ." "ಇಂದ್ರೀ..." "ಈಗ ಯಾಕ ಹೇಳಿದಿ?" "ತಡಕೊಳ್ಳಾಕ ಆಗಲಿಲ್ಲ. ಎದಿ ಒಡದಂಗ ಆಗತಿತ್ತು." ಅವಳು ತಲೆ ಎತ್ತಿ ನೋಡಿದಳು. ಸಿಟ್ಟಿರಲಿಲ್ಲ. "ಈಗ ಹಗುರ ಆತೇನು?" ಎಂದಳು. ಅಷ್ಟರಲ್ಲಿ ಕರೆಂಟು ಬಂದು ಗಿರಣಿ ಗರಗರ ಎಂದಿತು. ಅವಳು ಎದ್ದು ಯಾರದೋ ಜೋಳದ ಡಬ್ಬಿ ಸುರುವಲು ಹೋದಳು. ನಾನು ಇನ್ನೂ ಅಲ್ಲೇ ಇದ್ದೇನೆ ಎಂಬುದನ್ನು ಮರೆತವಳ ಹಾಗೆ.

ಅವಳು ಪ್ರಭಾಳಿಗೆ ಏನೂ ಹೇಳಲಿಲ್ಲ. ಊರಿಗೂ ಹೇಳಲಿಲ್ಲ. ನನ್ನ ಮಾನ ಹಾಗೆಯೇ ಉಳಿಯಿತು. ಆದರೆ ಮೂರು ತಿಂಗಳು ಕಳೆದಿರಲಿಲ್ಲ, ಒಂದು ಮುಂಜಾನೆ ಪ್ರಭಾ ನಮ್ಮ ಅಂಗಳದಲ್ಲಿ ಬಂದು ನಿಂತಳು. ಎರಡು ವರ್ಷಗಳಲ್ಲಿ ತಾನಾಗಿ ಬಂದದ್ದು ಅದೇ ಮೊದಲು. ಎತ್ತರವಾಗಿದ್ದಳು. ನಾನು ಒಳಗೆ ಕರೆದರೆ ಬರಲಿಲ್ಲ. ಹೊರಗೇ ನಿಂತು, ಉಗುರಿನಿಂದ ಕಂಬದ ಸುಣ್ಣ ಕೆರೆಯುತ್ತ ಮಾತಾಡಿದಳು.

"ಚಿಗವ್ವ ಮೊದಲಿನಂಗ ಇಲ್ಲವ್ವಾ. ಊಟಕ್ಕ ಹಾಕತಾಳ, ಜಡಿ ಹಾಕತಾಳ. ಆದ್ರ ನನ್ನ ನೋಡೂದಿಲ್ಲ. ನಾ ಮುಟ್ಟಿದ್ರ ಸರದು ಕೂಡತಾಳ. ನೀ ನಿಮ್ಮ ಮನಿಗೆ ಹೋಗು, ನೀ ಅವರಾಕಿ ಅಂದಳು ನಿನ್ನಿ." ಅವಳು ಕೆರೆಯುವುದನ್ನು ನಿಲ್ಲಿಸಿದಳು. "ನಾ ಏನೂ ಮಾಡಿಲ್ಲ. ಈಗ ಒದ್ದೀನೂ ಆಗೂದಿಲ್ಲ. ನಾ ಏನ ತಪ್ಪ ಮಾಡೀನಿ, ನಿನಗ ಗೊತ್ತೈತೇನು?"

ಅವಳು ಹನ್ನೊಂದನೆಯ ವಯಸ್ಸಿನಲ್ಲಿ ಗೋಡೆಗೆ ಆತು ನಿಂತು ನೋಡಿದ ಹಾಗೆಯೇ ನನ್ನನ್ನು ನೋಡುತ್ತಿದ್ದಳು. ಒಳಗಿನಿಂದ ಅತ್ತೆ ಯಾರು ಬಂದದ್ದು ಎಂದು ಕೂಗುತ್ತಿದ್ದಳು. ಉತ್ತರ ನನ್ನ ಬಾಯಲ್ಲೇ ಇತ್ತು.

"ಗೊತ್ತಿಲ್ಲವ್ವಾ" ಎಂದೆ.